ಮೊದಲು ವಿಡಿಯೊ, ಆಮೇಲೆ ರಸ್ತೆ

ಬೆಂಗಳೂರಿನಲ್ಲಿ ರಸ್ತೆ ಕಟ್ಟುವ ಮೊದಲು ಅದರ ವಿಡಿಯೊ ಕಟ್ಟುತ್ತಾರೆ. ರಸ್ತೆ ಬಂದರೂ ಬಂದೀತು, ಬಾರದೆಯೂ ಇದ್ದೀತು. ವಿಡಿಯೊ ಮಾತ್ರ ಹೇಳಿದ ದಿನಕ್ಕೆ ತಪ್ಪದೆ ಬಿಡುಗಡೆಯಾಗುತ್ತದೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆಯ ಮಾತು ಶುರುವಾದಾಗಿನಿಂದ ಇಂಥ ವಿಡಿಯೊಗಳನ್ನು ಹುಡುಕಿ ಹುಡುಕಿ ನೋಡುವ ಚಟ ನನಗೆ ಹತ್ತಿಕೊಂಡಿದೆ. ಯಾವ ಯೋಜನೆಯದಾದರೂ ಸರಿ, ಎಲ್ಲದರಲ್ಲೂ ಅದೇ ಹೊಂಬಣ್ಣದ ಸಂಜೆಬಿಸಿಲು, ಅದೇ ಪಿಟೀಲು. ಆರು ಪಥದ ಮೇಲ್ಸೇತುವೆಯ ಮೇಲೆ ಹತ್ತು ಹನ್ನೆರಡು ಕಾರು, ಅವುಗಳ ನಡುವೆ ಲಾರಿ ಮಲಗುವಷ್ಟು ಅಂತರ. ನೋಂದಾಯಿತ ವಾಹನಗಳ ಸಂಖ್ಯೆ ಕೋಟಿ ದಾಟಿದ, ಅದರಲ್ಲಿ ಬಹುಪಾಲು ದ್ವಿಚಕ್ರ ವಾಹನಗಳೇ ಇರುವ ಊರಿನ ಭವಿಷ್ಯದಲ್ಲಿ ಒಂದೇ ಒಂದು ಸ್ಕೂಟರ್ ಕಾಣುವುದಿಲ್ಲ. ಬಸ್ಸಂತೂ ಅಪರೂಪ. ಮಳೆ ಬರುವುದೇ ಇಲ್ಲ.

ಸುದ್ದಿ ವಾಹಿನಿಗಳು ಅದನ್ನೇ ಅರ್ಧ ಗಂಟೆ ತಿರುಗಿಸಿ ಮುರುಗಿಸಿ ತೋರಿಸುತ್ತವೆ. ಮರುದಿನ ಪತ್ರಿಕೆಯ ಮೊದಲ ಪುಟದಲ್ಲಿ ಅದರದೇ ಒಂದು ಚಿತ್ರ, ಅಡಿಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ‘ಸಾಂದರ್ಭಿಕ ಚಿತ್ರ’. ಅದನ್ನು ತಯಾರಿಸಿದವರು ಯಾರು, ತಯಾರಿಕೆಗೆ ದುಡ್ಡು ಕೊಟ್ಟವರು ಯಾರು, ಇದೇ ಜಾಗಕ್ಕೆ ಹಿಂದೆ ತೋರಿಸಿದ್ದ ಚಿತ್ರ ಏನಾಯಿತು ಎಂದು ಒಬ್ಬರೂ ಕೇಳುವುದಿಲ್ಲ. ಕನಸು ಕಾಣಲಿ, ಬೇಡವೆನ್ನಲು ನಾನು ಯಾರು? ಆದರೆ ಈ ಊರಿನ ನಾಳೆಯ ಕತೆಯನ್ನು ಹೇಳುವ ಕೆಲಸ ಪೂರ್ತಿಯಾಗಿ ಅದನ್ನು ಮಾರುವವರ ಕೈಗೆ ಹೋಗಿದೆ. ಅವರು ಹೇಳಿದ ಕತೆಯನ್ನು ನಮ್ಮ ಮಾಧ್ಯಮಗಳು ಸುದ್ದಿಯ ದನಿಯಲ್ಲಿ ಓದುತ್ತಿವೆ. ನನ್ನ ಜಗಳ ಇರುವುದು ಅಲ್ಲಿ.

ಗೆಳೆಯನೊಬ್ಬ ಇಂಥ ಚಿತ್ರ, ವಿಡಿಯೊ ತಯಾರಿಸುವ ಕೆಲಸದಲ್ಲಿದ್ದಾನೆ. ಅವರು ಅದನ್ನು ‘ರೆಂಡರ್’ ಎನ್ನುತ್ತಾರೆ. ಒಂದು ಸಂಜೆ ಅವನ ಪಕ್ಕ ಕುರ್ಚಿ ಎಳೆದುಕೊಂಡು ಕುಳಿತು ನೋಡಿದೆ. ಕಂಪ್ಯೂಟರಿನಲ್ಲಿ ಮರಗಳದ್ದೊಂದು ಸಂಗ್ರಹ, ಮನುಷ್ಯರದ್ದೊಂದು ಸಂಗ್ರಹ. ಬೇಕಾದ್ದನ್ನು ಎತ್ತಿ ಇಟ್ಟರೆ ಆಯಿತು. ಮರಗಳಲ್ಲಿ ಹೆಚ್ಚಿನವು ಯುರೋಪಿನವು. ಹೊಂಗೆ ಇಲ್ಲ, ಮಳೆಮರ ಇಲ್ಲ. ಮನುಷ್ಯರು ಕೋಟು ತೊಟ್ಟವರು, ಕೈಯಲ್ಲಿ ಕಾಫಿ ಲೋಟ ಹಿಡಿದವರು, ನಾಯಿಮರಿಯನ್ನು ಓಡಿಸಿಕೊಂಡು ಹೋಗುವ ತೆಳ್ಳನೆಯ ಹೆಂಗಸರು. ಸೀರೆ ಉಟ್ಟವಳು ಬೇಕೆಂದರೆ ಹುಡುಕಬೇಕು. ಒಮ್ಮೆ ಇವನು ಉತ್ಸಾಹದಿಂದ ಒಂದು ತಳ್ಳುಗಾಡಿಯನ್ನು ತಾನೇ ಕೂತು ರೂಪಿಸಿದನಂತೆ. ನಾಲ್ಕು ಸೈಕಲ್ ಚಕ್ರ, ಮೇಲೆ ನೀಲಿ ಟಾರ್ಪಾಲು, ತಕ್ಕಡಿ, ಸಾಲಾಗಿ ಜೋಡಿಸಿದ ಸೌತೆಕಾಯಿ. ಅದನ್ನು ಪಾದಚಾರಿ ಮಾರ್ಗದ ಅಂಚಿನಲ್ಲಿ ನಿಲ್ಲಿಸಿ ಕಳಿಸಿದ. ಮರುದಿನ ಚಿತ್ರ ವಾಪಸು ಬಂತು. ಗಾಡಿಯ ಸುತ್ತ ಕೆಂಪು ವೃತ್ತ, ಪಕ್ಕದಲ್ಲಿ ‘ತೆಗೆಯಿರಿ’ ಎಂಬ ಒಂದೇ ಮಾತು. ಅದರ ಜೊತೆಗೇ ವಿದ್ಯುತ್ ತಂತಿ, ಟ್ರಾನ್ಸ್‌ಫಾರ್ಮರ್, ಬಸ್ ತಂಗುದಾಣ ಕೂಡ ಹೋದವು. ಬಂದದ್ದು ಇನ್ನೂ ನಾಲ್ಕು ಯುರೋಪಿನ ಮರ.

ಇದನ್ನು ಸಣ್ಣ ವಿಷಯ ಎನ್ನುವವರಿಗೆ ನನ್ನದೊಂದು ಪ್ರಶ್ನೆ. ಚಿತ್ರದಲ್ಲೇ ಜಾಗ ಸಿಗದವನಿಗೆ ನಾಳೆ ರಸ್ತೆಯಲ್ಲಿ ಜಾಗ ಸಿಗುತ್ತದೆಯೆ? ಪಾದಚಾರಿ ಮಾರ್ಗ ಹೊಸದಾದ ದಿನವೇ ತಳ್ಳುಗಾಡಿಯವರು ‘ಒತ್ತುವರಿದಾರ’ರಾಗುವುದು ಹೇಗೆಂದು ನನಗೆ ಅರ್ಥವಾದದ್ದು ಆ ಕೆಂಪು ವೃತ್ತವನ್ನು ನೋಡಿದ ಮೇಲೆ.

ಕಲ್ಪನೆ ಎಂದರೆ ಬರೀ ಪೊಳ್ಳು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅದಕ್ಕೆ ಉತ್ತರ ಇದೇ ಊರಿನ ಪೀಣ್ಯದಲ್ಲಿದೆ. ಭಾರತದ ಮೊದಲ ಉಪಗ್ರಹ ‘ಆರ್ಯಭಟ’ ತಯಾರಾದದ್ದು ಅಲ್ಲಿನ ಕೈಗಾರಿಕಾ ಶೆಡ್ಡುಗಳಲ್ಲಿ. 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಅದು ಹಾರಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಇನ್ನೊಂದು ಸಾಹಸ ಆರಂಭವಾಯಿತು. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟಿವಿ ಕಾರ್ಯಕ್ರಮ ತಲುಪಿಸುವ ‘ಸೈಟ್’ ಪ್ರಯೋಗ. ಕರ್ನಾಟಕದಿಂದ ಅದರಲ್ಲಿ ಸೇರಿದ್ದು ಅಂದಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಬೆಂಗಳೂರಿನ ಮನೆಗಳಿಗೆ ಟಿವಿ ಇನ್ನೂ ಬಂದಿರಲಿಲ್ಲ. ರಾಜಧಾನಿಯ ಸಾಹೇಬರಿಗಿಂತ ಮೊದಲು ರಾಯಚೂರಿನ ಜೋಳದ ಹೊಲದವರು ಟಿವಿ ಮುಂದೆ ಕುಳಿತು ಕನ್ನಡದಲ್ಲಿ ಬೇಸಾಯದ ಮಾತು, ಆರೋಗ್ಯದ ಮಾತು ಕೇಳಿದರು. ಈ ಸಂಗತಿಯನ್ನು ನೆನೆದಾಗಲೆಲ್ಲ ನನಗೆ ಒಳಗೊಳಗೇ ಖುಷಿ.

ಇದರ ಬೇರು ಹುಡುಕುತ್ತಾ ಹೋದರೆ ಒಬ್ಬ ಕತೆಗಾರ ಸಿಗುತ್ತಾನೆ. ಭೂಮಿಯ ಜೊತೆಗೇ ಸುತ್ತುತ್ತಾ ಒಂದೇ ಕಡೆ ನಿಂತಂತೆ ಕಾಣುವ ಉಪಗ್ರಹಗಳಿಂದ ಜಗತ್ತಿಗೆಲ್ಲ ಪ್ರಸಾರ ಮಾಡಬಹುದೆಂದು ಆರ್ಥರ್ ಸಿ. ಕ್ಲಾರ್ಕ್ 1945ರಲ್ಲೇ ಲೇಖನ ಬರೆದಿದ್ದರು. ಆಗ ಕೃತಕ ಉಪಗ್ರಹ ಎಂಬುದೇ ಇರಲಿಲ್ಲ. ಮೂವತ್ತು ವರ್ಷದ ಬಳಿಕ ‘ಸೈಟ್’ ಶುರುವಾದಾಗ ನಮ್ಮ ಇಸ್ರೊದ ಎಂಜಿನಿಯರುಗಳು ಕೊಲಂಬೊಗೆ ಹೋಗಿ ಅವರ ಮನೆಯಲ್ಲೇ ಆಂಟೆನಾ ಕೂರಿಸಿಕೊಟ್ಟರು. ತಾನು ಬರೆದದ್ದನ್ನು ತನ್ನ ಮನೆಯ ಟಿವಿಯಲ್ಲೇ ನೋಡುವ ಭಾಗ್ಯ ಎಷ್ಟು ಬರಹಗಾರರಿಗೆ ಸಿಕ್ಕೀತು!

ಅದೂ ಭವಿಷ್ಯದ ಕತೆಯೇ, ಮೇಲ್ಸೇತುವೆಯ ವಿಡಿಯೊವೂ ಭವಿಷ್ಯದ ಕತೆಯೇ. ಆದರೆ ‘ಸೈಟ್’ ನಡೆಸಿದವರು ಟಿವಿ ಪೆಟ್ಟಿಗೆ ಇಟ್ಟು ಕೈತೊಳೆದುಕೊಳ್ಳಲಿಲ್ಲ. ಮಾನವಶಾಸ್ತ್ರಜ್ಞರನ್ನು ಕಳಿಸಿದರು, ಅವರು ಕೆಲವು ಹಳ್ಳಿಗಳಲ್ಲೇ ನೆಲೆಸಿ ಜನ ಏನು ನೋಡುತ್ತಾರೆ, ಏನನ್ನು ನಂಬುವುದಿಲ್ಲ, ಯಾವಾಗ ಎದ್ದು ಹೋಗುತ್ತಾರೆ ಎಂದು ಬರೆದುಕೊಂಡರು. ತಮ್ಮ ಕತೆಯನ್ನು ತಾವೇ ಒರೆಗೆ ಹಚ್ಚಿದರು. ನಮ್ಮ ಸುರಂಗ, ಮೇಲ್ಸೇತುವೆಗಳ ವಿಡಿಯೊಗಳಿಗೆ ಅಂಥ ಒರೆಗಲ್ಲು ಎಲ್ಲಿದೆ?

ಕಾಗದದ ಮೇಲಿನ ನಾಳೆ ಇವತ್ತಿನ ಬದುಕನ್ನು ಹೇಗೆ ಹಿಡಿದು ಹಾಕುತ್ತದೆ ಎಂಬುದಕ್ಕೆ ಪೆರಿಫೆರಲ್ ರಿಂಗ್ ರಸ್ತೆಗಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ತುಮಕೂರು ರಸ್ತೆಯಿಂದ ಬಳ್ಳಾರಿ ರಸ್ತೆ, ಹಳೆ ಮದ್ರಾಸ್ ರಸ್ತೆ ಹಾಯ್ದು ಹೊಸೂರು ರಸ್ತೆ ಸೇರಬೇಕಾದ ಸುಮಾರು 73 ಕಿ.ಮೀ. ದಾರಿ. ಭೂಸ್ವಾಧೀನದ ಅಂತಿಮ ಅಧಿಸೂಚನೆ ಬಂದದ್ದು 2007ರಲ್ಲಿ. ಆಮೇಲೆ ವರ್ಷಗಟ್ಟಲೆ ಒಂದು ಬುಟ್ಟಿ ಮಣ್ಣು ಬೀಳಲಿಲ್ಲ. ಆದರೆ ಗೆರೆ ಬಿದ್ದ ಸರ್ವೆ ನಂಬರುಗಳ ರೈತರು ಮನೆ ಕಟ್ಟುವಂತಿಲ್ಲ, ಮಾರುವಂತಿಲ್ಲ, ಸಾಲ ಕೇಳಿದರೆ ಬ್ಯಾಂಕಿನವರು ಪಹಣಿ ನೋಡಿ ತಲೆಯಾಡಿಸುತ್ತಾರೆ. ಗೆರೆಯ ಆಚೆ ಇದ್ದವರ ನಿವೇಶನಗಳ ದರ ಮಾತ್ರ ಅದೇ ರಸ್ತೆಯ ಹೆಸರು ಹೇಳಿಕೊಂಡೇ ಏರಿತು. ಈ ನಡುವೆ ಯೋಜನೆಗೆ ‘ಬೆಂಗಳೂರು ಬಿಸಿನೆಸ್ ಕಾರಿಡಾರ್’ ಎಂದು ಹೊಸ ಹೆಸರೂ ಬಂತು. ಇಲ್ಲದ ರಸ್ತೆಯೊಂದು ಇಷ್ಟೆಲ್ಲ ಮಾಡಬಲ್ಲದು. ಇಂಥ ಕತೆಯನ್ನು ಬರೀ ‘ದೂರದೃಷ್ಟಿ’ ಎಂದು ವರದಿ ಮಾಡಿದರೆ ಅರ್ಧ ಸುದ್ದಿಯನ್ನು ನುಂಗಿದಂತೆ.

ಸಿಂಗಪುರದ ಮಾತನ್ನು ನಾನು ಎತ್ತುವುದಿಲ್ಲ, ಎಸ್.ಎಂ. ಕೃಷ್ಣ ಅವರ ಕಾಲದಿಂದ ಕೇಳಿ ಕೇಳಿ ಕಿವಿ ತೂತಾಗಿದೆ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಆಸುಪಾಸು ಮುಳುಗಿ, ಐಟಿ ಉದ್ಯೋಗಿಗಳು ಟ್ರ್ಯಾಕ್ಟರಿನ ಟ್ರೇಲರ್ ಹತ್ತಿ ಕಚೇರಿಗೆ ಹೋದರಲ್ಲ, ಆ ಒಂದು ವಾರ ಅಷ್ಟೂ ವರ್ಷಗಳ ಬಣ್ಣದ ಬ್ರೋಷರುಗಳಿಗೆ ಉತ್ತರ ಕೊಟ್ಟಿತು. ಬ್ರೋಷರಿನಲ್ಲಿ ‘ಕೆರೆಯ ನೋಟ’ ಎಂದಿತ್ತು. ರಾಜಕಾಲುವೆ ಎಲ್ಲಿ ಹರಿಯುತ್ತದೆ ಎಂಬುದು ಇರಲಿಲ್ಲ.

ಈಗ ಎಐ ಬಂದಿದೆ. ಗೆಳೆಯನ ಕೆಲಸಕ್ಕೂ ಕುತ್ತು. ವಾರ ಹಿಡಿಯುತ್ತಿದ್ದ ಚಿತ್ರ ನಿಮಿಷದಲ್ಲಿ ಬರುತ್ತದೆ. 2023ರಲ್ಲಿ ಕನ್ನಡದ ಸುದ್ದಿ ವಾಹಿನಿಯೊಂದು ‘ಸೌಂದರ್ಯ’ ಎಂಬ ಎಐ ನಿರೂಪಕಿಯನ್ನು ಕೂರಿಸಿದಾಗ ನಾವೆಲ್ಲ ಬೆರಗಾಗಿ ನೋಡಿದೆವು. ನನ್ನನ್ನು ಕಾಡುವುದು ನಿರೂಪಕಿಗಿಂತ ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಬಂದ ‘2050ರ ಬೆಂಗಳೂರು’. ಗಾಜಿನ ಗೋಪುರಗಳು, ಹಾರುವ ಕಾರುಗಳು, ವಿಧಾನಸೌಧದ ಹಿಂದೆ ದುಬೈ. ಅಂಗಡಿಗಳ ಫಲಕದಲ್ಲಿ ಕನ್ನಡದಂತೆ ಕಾಣುವ, ಓದಲು ಹೋದರೆ ಎರೆಹುಳುಗಳಾಗುವ ಗೀಟುಗಳು. ಅಕ್ಷರ ಈಚೆಗೆ ಸುಧಾರಿಸಿದೆ, ಅದು ಸರಿಹೋಗುತ್ತದೆ. ಆದರೆ ಆ ಯಂತ್ರ ಕಲಿತಿರುವುದು ಈಗಾಗಲೇ ಇರುವ ಚಿತ್ರಗಳಿಂದ. ಮಾರಾಟದ ಚಿತ್ರಗಳೇ ಜಗತ್ತಿನ ತುಂಬ ಇರುವಾಗ ಅದು ನಮಗೆ ತೋರಿಸುವ ನಾಳೆಯೂ ಮಾರಾಟದ ನಾಳೆಯೇ. ಚಿಕ್ಕಮ್ಮ ಅದಕ್ಕೆ ಕೈಮುಗಿಯುವ ಚಿತ್ರ ಹಾಕಿ ‘ನಮ್ಮ ಮೊಮ್ಮಕ್ಕಳು ಪುಣ್ಯವಂತರು’ ಎಂದು ಬರೆದರು. ನಾನು ಏನೂ ಬರೆಯಲಿಲ್ಲ, ಚಿಕ್ಕಮ್ಮನ ಜೊತೆ ವಾದಕ್ಕಿಳಿದು ಗೆದ್ದವರಿಲ್ಲ.

ತಮಾಷೆ ಏನೆಂದರೆ, ಭವಿಷ್ಯವಾಣಿಯನ್ನು ವರದಿ ಮಾಡುವುದು ಹೇಗೆಂದು ನಮ್ಮ ಪತ್ರಿಕೆಗಳಿಗೆ ಚೆನ್ನಾಗಿ ಗೊತ್ತು. ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕವನ್ನೇ ನೋಡಿ. ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದೊಡನೆ ಇಡೀ ಜನಸಾಗರ ಸ್ತಬ್ಧ. ಒಂದೇ ಒಂದು ಸಾಲು ನುಡಿದು ಕೆಳಕ್ಕೆ ಬೀಳುತ್ತಾನೆ. ಮರುದಿನದ ಪತ್ರಿಕೆ ಆ ಸಾಲನ್ನು ಇದ್ದದ್ದು ಇದ್ದ ಹಾಗೆ ಉದ್ಧರಣ ಚಿಹ್ನೆಯೊಳಗೆ ಕೊಡುತ್ತದೆ. ನುಡಿದವರು ಯಾರೆಂದು ಹೇಳುತ್ತದೆ. ರೈತರು ಅದನ್ನು ಮಳೆಬೆಳೆಗೆ ಅನ್ವಯಿಸಿದರು, ರಾಜಕಾರಣಿಗಳು ಕುರ್ಚಿಗೆ ಅನ್ವಯಿಸಿದರು ಎಂದು ‘ವಿಶ್ಲೇಷಿಸಲಾಗುತ್ತಿದೆ’ ಎಂಬ ಎಚ್ಚರದ ಕ್ರಿಯಾಪದ ಬಳಸುತ್ತದೆ. ಮಳೆ ಬಂದೇ ಬರುತ್ತದೆ ಎಂದು ತಾನಾಗಿ ಬರೆಯುವುದಿಲ್ಲ. ದೇವರ ಬಾಯಿಂದ ಬಂತೆಂದು ಜನ ನಂಬುವ ಮಾತಿಗೆ ಇಷ್ಟು ಎಚ್ಚರ; ಗುತ್ತಿಗೆ ಕಂಪನಿಯ ವಿಡಿಯೊಗೆ ಮಾತ್ರ ‘ಇನ್ನು ಮುಂದೆ ವಿಮಾನ ನಿಲ್ದಾಣಕ್ಕೆ ಚಿಟಿಕೆ ಹೊಡೆಯುವಷ್ಟರಲ್ಲಿ’!

ಕತೆ ಹೇಳುವ ತಾಕತ್ತು ಬರೀ ದುಡ್ಡಿದ್ದವರದ್ದೇನಲ್ಲ. 2019ರ ಸೆಪ್ಟೆಂಬರ್ ನೆನಪಿಸಿಕೊಳ್ಳಿ. ಚಂದ್ರಯಾನ-2ರ ಲ್ಯಾಂಡರ್ ಚಂದ್ರನ ಮೇಲೆ ಇಳಿಯಲು ದಿನಗಣನೆ ನಡೆದಿತ್ತು. ಕಲಾವಿದ ಬಾದಲ್ ನಂಜುಂಡಸ್ವಾಮಿ ಹೇರೋಹಳ್ಳಿಯ ತುಂಗಾನಗರದ ರಸ್ತೆಯಲ್ಲಿ ರಾತ್ರಿ ಒಬ್ಬ ನಟನಿಗೆ ಗಗನಯಾತ್ರಿಯ ವೇಷ ಹಾಕಿಸಿ ನಡೆಸಿದರು. ಕ್ಯಾಮೆರಾ ಅವನನ್ನೇ ಹಿಂಬಾಲಿಸುತ್ತದೆ. ಕುಳಿ ಬಿದ್ದ ಬೂದುಬಣ್ಣದ ನೆಲ, ನಿಧಾನವಾಗಿ ತೇಲುವಂಥ ಹೆಜ್ಜೆ. ಚಂದ್ರನೇ ಎಂದು ನಂಬುವಷ್ಟರಲ್ಲಿ ಪಕ್ಕದಲ್ಲಿ ಒಂದು ಆಟೊ ಗಡಗಡ ಎಂದು ಹಾದುಹೋಗುತ್ತದೆ. ಅಷ್ಟೇ. ದೇಶವೆಲ್ಲ ನಕ್ಕಿತು, ರಸ್ತೆ ರಿಪೇರಿಯ ಗಾಡಿ ಓಡಿಬಂತು. 2015ರಲ್ಲಿ ಸುಲ್ತಾನ್‌ಪಾಳ್ಯದ ಗುಂಡಿಯಲ್ಲಿ ಮೊಸಳೆ ಕೂರಿಸಿದವರೂ ಇವರೇ. ದೊಡ್ಡವರ ಭವಿಷ್ಯದ ಕತೆಯನ್ನೇ ಎರವಲು ಪಡೆದು ಅದರೊಳಗೆ ಒಂದು ಆಟೊ ಓಡಿಸಿದರು. ಆ ಆಟೊ ಇಲ್ಲದಿದ್ದರೆ ಅದೂ ಇನ್ನೊಂದು ರೆಂಡರ್ ಆಗುತ್ತಿತ್ತು.

ಮಾಧ್ಯಮದ ಮಿತ್ರರಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ‘ಸಾಂದರ್ಭಿಕ ಚಿತ್ರ’ ಎಂಬುದನ್ನು ಬಿಟ್ಟು ‘ಕಲ್ಪನೆಯ ಚಿತ್ರ, ತಯಾರಿಸಿದವರು ಇಂಥವರು’ ಎಂದು ಬರೆಯಿರಿ. ಹೊಸ ವಿಡಿಯೊ ತೋರಿಸುವ ದಿನ, ಅದೇ ಜಾಗಕ್ಕೆ ಹಿಂದೆ ತೋರಿಸಿದ್ದ ವಿಡಿಯೊವನ್ನೂ ಪಕ್ಕದಲ್ಲಿ ಓಡಿಸಿ. ಉಪನಗರ ರೈಲಿಗೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾದಾಗ 148 ಕಿ.ಮೀ. ಜಾಲವನ್ನು 40 ತಿಂಗಳಲ್ಲಿ ಮುಗಿಸುವ ಮಾತು ಕೇಳಿದ್ದೆವು. ಆ ದಿನದ ತುಣುಕು ನಿಮ್ಮ ಸಂಗ್ರಹದಲ್ಲೇ ಇದೆ, ಹುಡುಕುವ ಶ್ರಮವೂ ಇಲ್ಲ.

ನೀವು ಅದನ್ನು ಮಾಡುವವರೆಗೆ ನಾವೇ ಶುರು ಮಾಡುತ್ತೇವೆ. ಸ್ನೇಹಿತರೇ, ನಿಮ್ಮ ಮನೆಯ ಅಟ್ಟದಲ್ಲಿ, ಹಳೆಯ ಫೈಲಿನಲ್ಲಿ ಬಡಾವಣೆಯ ಬ್ರೋಷರ್, ಮೆಟ್ರೊ ಕರಪತ್ರ, ‘ಶೀಘ್ರದಲ್ಲೇ’ ಎಂದು ಬರೆದ ಫಲಕದ ಫೋಟೊ ಏನಿದ್ದರೂ ಇಲ್ಲಿ ಹಾಕಿ. ಯಾವ ವರ್ಷದ್ದು, ಯಾವ ಜಾಗದ್ದು ಎಂಬುದನ್ನು ಬರೆಯಿರಿ. ಸಾಧ್ಯವಾದರೆ ಅದೇ ಜಾಗಕ್ಕೆ ಹೋಗಿ ಈಗಿನದೊಂದು ಫೋಟೊ ತೆಗೆದು ಜೊತೆಗೆ ಹಾಕಿ. ಅದರಲ್ಲಿ ತಳ್ಳುಗಾಡಿ ಬಂದರೆ ದಯವಿಟ್ಟು ಕತ್ತರಿಸಬೇಡಿ.