ವೀಸಾ ಫೈಲಿನಲ್ಲಿ ಅಡಿಕೆ ತೋಟದ ಕಥೆಯನ್ನೂ ಹೇಳಿ

ನಮ್ಮ ಶಿರಸಿ, ಸಿದ್ದಾಪುರ ಕಡೆಯ ತೋಟಿಗರು ಈಗ ಗಂಡ ಹೆಂಡತಿ ಜೊತೆಯಾಗಿ ಯುರೋಪ್ ನೋಡಲು ಹೊರಡುತ್ತಿದ್ದಾರೆ. ಜೀವನವಿಡೀ ತೋಟ, ಕೊಟ್ಟಿಗೆ ಅಂತ ದುಡಿದವರು. ಹೋಗಿ ಬರಲಿ, ಸಂತೋಷ. ಆದರೆ ಟೂರಿಸ್ಟ್ ವೀಸಾಕ್ಕೆ ಕಾಗದಪತ್ರ ಜೋಡಿಸುವಾಗ ಇವರಿಗೆ ಸಿಗುವ ಸಲಹೆ ಕೇಳಿದರೆ ಸಂಕಟವಾಗುತ್ತದೆ.

"ನಿಮಗೆ ಸ್ಯಾಲರಿ ಸ್ಲಿಪ್ ಇಲ್ಲ, ಐಟಿ ರಿಟರ್ನ್ ಇಲ್ಲ. ಯಾರ ಹತ್ರಾನಾದ್ರೂ ನಾಲ್ಕೈದು ಲಕ್ಷ ತಂದು ಖಾತೆಗೆ ಹಾಕಿ. ವೀಸಾ ಆದ್ಮೇಲೆ ವಾಪಸ್ ಕೊಟ್ರಾಯ್ತು." ನಮ್ಮ ಚಿಕ್ಕಪ್ಪನಿಗೆ ಒಬ್ಬ ಏಜೆಂಟರು ಹೇಳಿದ್ದು ಇದನ್ನೇ. ದಯವಿಟ್ಟು ಈ ಮಾತು ಕೇಳಬೇಡಿ.

ಷೆಂಗೆನ್ ಅಂದರೆ ಯುರೋಪಿನ 29 ದೇಶಗಳ ಕೂಟ, ಒಂದೇ ವೀಸಾದಲ್ಲಿ ಅಷ್ಟೂ ದೇಶ ಸುತ್ತಬಹುದು. ಜಾಸ್ತಿ ದಿನ ಉಳಿಯುವ ದೇಶಕ್ಕೆ ಅರ್ಜಿ ಹಾಕಬೇಕು. ಎಲ್ಲ ಕಡೆ ಅಷ್ಟಷ್ಟೇ ದಿನ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ. ಬೆಂಗಳೂರಿನ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ಬಂದ ಮೇಲೆ, ತೀರ್ಮಾನ ಮಾಡುವ ಅಧಿಕಾರಿ ಸಾಮಾನ್ಯವಾಗಿ ನಿಮ್ಮ ಮುಖ ನೋಡುವುದಿಲ್ಲ. ಅವರು ನೋಡುವುದು ಫೈಲು. ಖರ್ಚಿಗೆ ಹಣ ಇದೆಯಾ, ಅದು ಇವರದ್ದೇನಾ, ತಿರುಗಿ ಊರಿಗೆ ಹೋಗುತ್ತಾರಾ? ಇಷ್ಟಕ್ಕೆ ಅದರಲ್ಲಿ ಉತ್ತರ ಸಿಗಬೇಕು.

ನಮ್ಮವರಿಗೆ ತೊಡಕಾಗುವುದು ಇಲ್ಲೇ. ನೌಕರಿಯವರಿಗೆ ತಿಂಗಳು ತಿಂಗಳು ಸಂಬಳ ಬರುತ್ತದೆ. ಅಡಿಕೆ ಬೆಳೆಗಾರನ ಖಾತೆ ತಿಂಗಳುಗಟ್ಟಲೆ ತಣ್ಣಗಿದ್ದು, ವಿಕ್ರಿ ಆದಾಗ ಒಮ್ಮೆಗೇ ಲಕ್ಷಗಟ್ಟಲೆ ಬಂದು ಬೀಳುತ್ತದೆ. ಆರು ತಿಂಗಳ ಸ್ಟೇಟ್‌ಮೆಂಟ್ ಅಷ್ಟೇ ನೋಡಿದ ಪರದೇಶದವರಿಗೆ ಇದೇ ಅನುಮಾನ ತರಿಸುತ್ತದೆ. ಅದರ ಮೇಲೆ ಸಾಲದ ದುಡ್ಡನ್ನೂ ತಂದು ಹಾಕಿದರೆ ನಿಜವಾಗಿ ದುಡಿದ ಹಣವೂ ಸುಳ್ಳಿನಂತೆ ಕಾಣುತ್ತದೆ.

ಚಿಕ್ಕಪ್ಪನ ಫೈಲಿಗೆ ನಾವು ಒಂದು ವರ್ಷಕ್ಕೂ ಹೆಚ್ಚಿನ ಸ್ಟೇಟ್‌ಮೆಂಟ್ ತೆಗೆಸಿ, ಬ್ಯಾಂಕಿನ ಸೀಲು ಹಾಕಿಸಿದೆವು. ಹಿಂದಿನ ವರ್ಷದ ವಿಕ್ರಿ ಹಣವೂ ಅದರಲ್ಲಿತ್ತು. ದೊಡ್ಡ ಜಮೆಗಳ ಪಕ್ಕದಲ್ಲಿ ಪೆನ್ಸಿಲಿನಲ್ಲಿ 1, 2, 3 ಅಂತ ನಂಬರು ಹಾಕಿ, ಅದೇ ನಂಬರಿನಲ್ಲಿ, ಅಡಿಕೆ ಮಾರಿಕೊಡುವ ಸಹಕಾರಿ ಸೊಸೈಟಿಯ ವಿಕ್ರಿ ಪಟ್ಟಿ ಲಗತ್ತಿಸಿದೆವು. ಪಟ್ಟಿಯಲ್ಲಿ ತೂಕ, ದರ, ಕಮಿಷನ್ ಕಳೆದು ಕೈಗೆ ಬಂದ ಮೊತ್ತ ಎಲ್ಲಾ ಇರುತ್ತದೆ. ಆ ಮೊತ್ತವೂ ಬ್ಯಾಂಕಿನ ಜಮೆಯೂ ರೂಪಾಯಿಗೆ ರೂಪಾಯಿ ತಾಳೆಯಾಗುವಾಗ ಮತ್ತೇನು ಸಾಕ್ಷಿ ಬೇಕು? ಕೃಷಿ ಆದಾಯಕ್ಕೆ ನಮ್ಮಲ್ಲಿ ಆದಾಯ ತೆರಿಗೆ ಇಲ್ಲ, ಹಾಗಾಗಿ ರಿಟರ್ನ್ ಸಲ್ಲಿಸಿಲ್ಲ ಅಂತ ಕವರ್ ಲೆಟರಿನಲ್ಲಿ ನೇರವಾಗಿ ಬರೆದೆವು. ಬೇರೆ ಆದಾಯ ಇದ್ದು ರಿಟರ್ನ್ ತುಂಬುವವರು ಅದನ್ನೂ ಇಡಿ.

ಆಮೇಲೆ ಪಹಣಿ. ಅದು ಇರುವುದು ಕನ್ನಡದಲ್ಲಿ, ಇಂಗ್ಲಿಷಿಗೆ ಅನುವಾದ ಮಾಡಿಸಿ ನೋಟರಿ ಸಹಿ ಹಾಕಿಸಿ. ಹೆಸರಿನ ಗೋಜಲೂ ಇಲ್ಲೇ ಶುರುವಾಗುವುದು. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೂ ಸೇರಿ ಉದ್ದಕ್ಕೆ ಇರುತ್ತದೆ. ಪಾಸ್‌ಬುಕ್ಕಿನಲ್ಲಿ ಬರೀ ಇನಿಷಿಯಲ್. ಪಹಣಿಯ 9ನೇ ಕಾಲಂನಲ್ಲಿ 'ಬಿನ್' ಅಂತ ಹಾಕಿ, ಅಣ್ಣತಮ್ಮಂದಿರ ಜೊತೆ ಜಂಟಿಯಾಗಿ. ನಮಗೆ ಎಲ್ಲಾ ಒಬ್ಬರೇ ಅಂತ ಗೊತ್ತು, ಹೊರಗಿನವರಿಗೆ ಹೇಗೆ ಗೊತ್ತಾಗಬೇಕು? ಈ ಎಲ್ಲ ಹೆಸರೂ ಒಬ್ಬರದ್ದೇ ಅಂತ ಛಾಪಾ ಕಾಗದದಲ್ಲಿ ಒಂದು ಅಫಿಡವಿಟ್ ಮಾಡಿಸಿ. ಜಮೀನಿನಲ್ಲಿ ತಮ್ಮ ಪಾಲು ಎಷ್ಟು ಅಂತಲೂ ಬರೆಯಿರಿ.

ತಿರುಗಿ ಬರುತ್ತೇವೆ ಅನ್ನುವುದಕ್ಕೆ ತೋಟಕ್ಕಿಂತ ದೊಡ್ಡ ಕಾರಣ ಬೇಕಾ? ಮಳೆ ಹಿಡಿಯುವ ಮೊದಲು ಕೊಳೆ ರೋಗಕ್ಕೆ ಮದ್ದು ಹೊಡೆಸಲೇಬೇಕು. ಅದು ತಪ್ಪಿದರೆ ಆ ವರ್ಷದ ಬೆಳೆ ನೆಲ ಕಂಡ ಹಾಗೇ. ಹಾಗಾಗಿ ಏಪ್ರಿಲ್ ಕೊನೆಗೆ ಹೋಗಿ ಮೇ ಮಧ್ಯದೊಳಗೆ ವಾಪಸ್ ಬರುತ್ತೇವೆ ಅಂತ ಎರಡು ಸಾಲು ಬರೆದೆವು. ಬಾಯಿಪಾಠದ "ದೇಶದ ಮೇಲೆ ಅಪಾರ ಪ್ರೀತಿ" ಪತ್ರಕ್ಕಿಂತ ಈ ಎರಡು ಸಾಲಿಗೆ ತೂಕ ಜಾಸ್ತಿ ಅಂತ ನನ್ನ ನಂಬಿಕೆ.

ಉಳಿದದ್ದು ಹೆಚ್ಚುಕಡಿಮೆ ಎಲ್ಲರಿಗೂ ಒಂದೇ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿದ್ದು, ವಾಪಸ್ ಹೊರಟ ಮೇಲೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು. ಎರಡು ಪುಟ ಖಾಲಿ ಇರಬೇಕು. ಪ್ರಯಾಣದ ವೈದ್ಯಕೀಯ ವಿಮೆ ಕನಿಷ್ಠ 30,000 ಯೂರೋವರೆಗಿನ ಖರ್ಚು ಭರಿಸುವಂಥದ್ದಾಗಿರಬೇಕು. ಅರ್ಜಿಯನ್ನು ಆರು ತಿಂಗಳು ಮೊದಲೇ ಹಾಕಬಹುದು, ಪ್ರಯಾಣಕ್ಕೆ 15 ದಿನ ಇರುವಾಗಂತೂ ಹಾಕಿ ಆಗಿರಲೇಬೇಕು. ದೊಡ್ಡವರಿಗೆ 90 ಯೂರೋ ಶುಲ್ಕ, ಅರ್ಜಿ ಬಿದ್ದುಹೋದರೂ ಅದು ವಾಪಸ್ ಬರುವುದಿಲ್ಲ. ವಿಮಾನಕ್ಕೆ ರಿಸರ್ವೇಶನ್ ಸಾಕು, ವೀಸಾ ಕೈಗೆ ಬರುವ ಮೊದಲೇ ಟಿಕೆಟಿಗೆ ಲಕ್ಷಗಟ್ಟಲೆ ಸುರಿಯಬೇಡಿ.

ನಿರಾಕರಣೆ ಆದರೆ ಕಾರಣ ಬರೆದೇ ಕೊಡುತ್ತಾರೆ, ಮೇಲ್ಮನವಿಗೂ ಅವಕಾಶ ಇದೆ. ಆದರೆ ಆ ದಾಖಲೆ ಐದು ವರ್ಷದವರೆಗೆ ಉಳಿಯುತ್ತದೆ, ಅಷ್ಟೂ ಷೆಂಗೆನ್ ದೇಶಗಳಿಗೆ ಕಾಣುತ್ತದೆ. ಸುಳ್ಳು ಕಾಗದ ಮಾಡಿಕೊಟ್ಟ ಏಜೆಂಟರಿಗೆ ಏನೂ ಆಗುವುದಿಲ್ಲ. ಹೆಸರು ಕೆಡುವುದು ಪಾಪದ ಬೆಳೆಗಾರನದ್ದು.

ನನ್ನದೊಂದು ಬೇಡಿಕೆ ಇದೆ. ನಮ್ಮ ಸೊಸೈಟಿಗಳು ಸದಸ್ಯರ ಪೂರಾ ವರ್ಷದ ವಿಕ್ರಿ ಲೆಕ್ಕವನ್ನು ಇಂಗ್ಲಿಷಿನಲ್ಲಿ ಒಂದೇ ಪುಟದಲ್ಲಿ ಸೀಲು ಹಾಕಿ ಕೊಡುವಂತಾಗಬೇಕು. ಲೆಕ್ಕ ಹೇಗೂ ಕಂಪ್ಯೂಟರಿನಲ್ಲಿ ಇದೆ ಅಲ್ವಾ? ಆಡಳಿತ ಮಂಡಳಿಯಲ್ಲಿ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಮುಂದಿನ ಸಭೆಯಲ್ಲಿ ಈ ವಿಷಯ ಇಡಿ.