ಸತ್ಯಾಂಶ: ತಲೆ ಕಡಿದರೆ ಮರ ಬೀಳುವುದಿಲ್ಲವೇ?

ಮಳೆಗಾಲ ಹತ್ತಿರ ಬಂದಾಗ ಬೆಳಗಾವಿಯ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಸಂದೇಶ ಓಡಾಡುತ್ತದೆ: "ಮನೆ ಮುಂದಿನ ಹಳೇ ಮರದ ತಲೆ ಪೂರ್ತಿ ಕಡಿಸಿ, ಗಾಳಿಮಳೆಗೆ ಬೀಳುವುದಿಲ್ಲ." ಇದು ತಪ್ಪು. ಟಿಳಕವಾಡಿಯಂಥ ಹಳೇ ಬಡಾವಣೆಗಳ ದೊಡ್ಡ ಮರಗಳಿಗೆ ಇದರಿಂದ ಅಪಾಯವೇ ಜಾಸ್ತಿ.

ಎಲೆ ಹೋದರೆ ಮರಕ್ಕೆ ಆಹಾರವಿಲ್ಲ, ಬೇರು ಸೊರಗುತ್ತದೆ. ಕಡಿದ ಜಾಗದ ಸುತ್ತ ಗೊಂಚಲಾಗಿ ಚಿಗುರು ಬರುತ್ತದೆ. ನೋಡೋಕೆ ಚೆಂದ. ಆದರೆ ಅದು ತೊಗಟೆಯ ಕೆಳಗಿನ ತೆಳು ಪದರಕ್ಕಷ್ಟೇ ಅಂಟಿರುತ್ತದೆ. ಅತ್ತ ಮೋಟಿನೊಳಗೆ ಕೊಳೆ ಇಳಿಯುತ್ತದೆ, ನಮ್ಮ ತೇವದ ಮಳೆಗಾಲದಲ್ಲಿ ಇನ್ನೂ ಬೇಗ. ಕೆಲವು ವರ್ಷಗಳಲ್ಲಿ ಅದೇ ಚಿಗುರು ಭಾರದ ಕೊಂಬೆಯಾಗಿ ಗಾಳಿಗೆ ಕಿತ್ತು ಬೀಳುತ್ತದೆ.

ಒಣಗಿದ, ಸೀಳಿದ ಕೊಂಬೆ ಮಾತ್ರ ತೆಗೆಸಿ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಬಳೆಯಂತೆ ಉಬ್ಬಿದ ಜಾಗ ಇರುತ್ತದೆ ಅಲ್ವಾ? ಅದನ್ನು ಬಿಟ್ಟು, ಅದರ ಹೊರಗೇ ಕೊಯ್ಯಬೇಕು. ಗಾಯ ಮುಚ್ಚುವುದು ಆ ಉಬ್ಬಿನಿಂದಲೇ. ದಪ್ಪ ಕೊಂಬೆಯಾದರೆ ಮೊದಲು ಒಂದಡಿ ದೂರದಲ್ಲಿ ಕೆಳಗಿನಿಂದ ಸ್ವಲ್ಪ ಕೊಯ್ದು, ಆಮೇಲೆ ಮೇಲಿನಿಂದ ಕೊಯ್ಯಬೇಕು. ಇಲ್ಲದಿದ್ದರೆ ಬೀಳುವಾಗ ಕಾಂಡದ ತೊಗಟೆಯನ್ನೂ ಸುಲಿದುಕೊಂಡು ಹೋಗುತ್ತದೆ. ಉಳಿದ ಮೋಟನ್ನು ಕೊನೆಗೆ ಆ ಉಬ್ಬಿನ ಹೊರಗೆ ಕೊಯ್ಯಬೇಕು. ಗಾಯಕ್ಕೆ ಸುಮ್ನೆ ಪೇಂಟ್, ಡಾಂಬರು ಬಳಿಯಬೇಡಿ.

ನನ್ನ ಮಟ್ಟಿಗೆ ಮೇಲಕ್ಕಿಂತ ಬುಡ ನೋಡುವುದೇ ಮುಖ್ಯ. ಹೆಚ್ಚಿನ ಬೇರುಗಳು ಮೇಲಿನ ಎರಡಡಿ ಮಣ್ಣಿನಲ್ಲೇ ಇರುತ್ತವೆ. ಗಟಾರ, ಕಾಂಪೌಂಡ್‌ಗೆ ಅಗೆಯುವಾಗ ಅವು ತುಂಡಾದರೆ ಮರದ ಹಿಡಿತವೇ ಹೋಯಿತು. ಬುಡದ ಮಣ್ಣು ಬಿರುಕು ಬಿಟ್ಟು ಎದ್ದಿದ್ದರೆ, ಮರ ಹೊಸದಾಗಿ ವಾಲಿದ್ದರೆ ಕೂಡಲೇ ಅರಣ್ಯ ಇಲಾಖೆಗೆ ತಿಳಿಸಿ. ಕೊಂಬೆ ಕರೆಂಟ್ ತಂತಿಗೆ ತಾಗುತ್ತಿದ್ದರೆ ಹೆಸ್ಕಾಂನ 1912ಕ್ಕೆ ಫೋನ್ ಮಾಡಿ, ನೀವೇ ಏಣಿ ಹತ್ತಬೇಡಿ.