ಡ್ರಮ್ಮಿನ ತಳದ ಎರಡು ಬಿಂದಿಗೆ ನೀರು

ಮಗಳಿಗೆ ಡೆಂಗಿ ಬಂದಾಗ ನಾನು ಮೊದಲು ಬೈದದ್ದು ಬೀದಿಯ ಮೋರಿಯನ್ನು. ಕೋಲಾರದಲ್ಲಿ ಯಾರ ಮನೆಯಲ್ಲಿ ಜ್ವರ ಬಂದರೂ ಬೈಸಿಕೊಳ್ಳುವುದು ಮೋರಿಯೇ. ಎರಡು ದಿನ ಕಳೆದು ಆಶಾ ಕಾರ್ಯಕರ್ತೆ ಬಂದರು. ಮೋರಿಯ ಕಡೆ ತಿರುಗಿಯೂ ನೋಡಲಿಲ್ಲ. ಸೀದಾ ಬಚ್ಚಲಿನ ಪಕ್ಕದ ನೀಲಿ ಡ್ರಮ್ಮಿನ ಮುಚ್ಚಳ ಸರಿಸಿ, ಮೊಬೈಲ್ ಟಾರ್ಚ್ ಹಿಡಿದು, "ಬನ್ನಿ ಅಕ್ಕಾ, ಇಲ್ಲಿ ನೋಡಿ" ಎಂದರು. ಬೆಳಕು ಬಿದ್ದದ್ದೇ ತಡ, ಮೇಲೆ ತೇಲುತ್ತಿದ್ದ ಸಣ್ಣ ಹುಳುಗಳು ಮೈ ಕೊಂಕಿಸುತ್ತ ತಳಕ್ಕಿಳಿದವು. ಅದೇ ನೀರಿನಲ್ಲಿ ಬೆಳಿಗ್ಗೆ ಪಾತ್ರೆ ತೊಳೆದಿದ್ದೆ.

ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಕೊಳಚೆಗಿಂತ ತಿಳಿನೀರೇ ಇಷ್ಟ. ಹೆಣ್ಣು ಸೊಳ್ಳೆ ನೀರಿನ ಮಟ್ಟಕ್ಕಿಂತ ತುಸು ಮೇಲೆ, ಡ್ರಮ್ಮಿನ ಒಳಮೈಗೆ ಮೊಟ್ಟೆ ಅಂಟಿಸುತ್ತದೆ. ನೀರು ತಳ ಕಂಡು ಡ್ರಮ್ ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಮತ್ತೆ ನೀರು ತುಂಬಿದಾಗ ಒಡೆದು ಮರಿಯಾಗುತ್ತದೆ. ಅಂದರೆ ಹೊಸ ನೀರು ಬಂತೆಂದು ಹಳೆಯದರ ಮೇಲೆಯೇ ಸುರಿಯುತ್ತೇವಲ್ಲ, ಮರಿ ಮಾಡಿಸುವವರು ನಾವೇ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ ಸಾಕು. ನಮ್ಮ ಬೀದಿಗೆ ನಲ್ಲಿ ನೀರು ಬರುವುದೂ ಎಂಟು ಹತ್ತು ದಿನಕ್ಕೊಮ್ಮೆ. ಈ ಎರಡು ಲೆಕ್ಕ ಹೀಗೆ ಕೂಡಿಬಂದದ್ದನ್ನು ನೆನೆದರೆ ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಸಂಜೆ ಹೊಗೆ ಯಂತ್ರ ಬಂದು ಬೀದಿಯನ್ನೆಲ್ಲ ಬೆಳ್ಳಗೆ ಮಾಡಿ ಹೋಗುತ್ತದೆ. ಆಗ ನಾವು ಬಾಗಿಲು ಮುಚ್ಚಿಕೊಳ್ಳುತ್ತೇವೆ. ಈಡಿಸ್ ಇರುವುದು ಒಳಗೆ, ಗೂಟಕ್ಕೆ ನೇತುಹಾಕಿದ ಬಟ್ಟೆಯ ಹಿಂದೆ, ಮಂಚದ ಕೆಳಗೆ. ನೀರಿನಲ್ಲಿರುವ ಮರಿಗಂತೂ ಆ ಹೊಗೆ ತಾಗುವುದೇ ಇಲ್ಲ. ಹೊಗೆ ಬೇಡವೆನ್ನುವುದಿಲ್ಲ, ಅದನ್ನೇ ನಂಬಿ ಕೂರಬೇಡಿ ಎನ್ನುತ್ತೇನೆ.

ಇನ್ನೊಂದು ಮಾತು ತಾಯಂದಿರಿಗೆ. ಅಕ್ಕಪಕ್ಕದವರು ಪ್ರೀತಿಯಿಂದ ಪರಂಗಿ ಎಲೆಯ ರಸ ತಂದುಕೊಟ್ಟರು, ಜ್ವರ ಇಳಿದ ದಿನ ಎಲ್ಲರೂ ನಿಟ್ಟುಸಿರು ಬಿಟ್ಟೆವು. ಆದರೆ ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಓಡಿ. ಜ್ವರಕ್ಕೆ ವೈದ್ಯರು ಹೇಳಿದಷ್ಟು ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೇನ್ ರಕ್ತಸ್ರಾವ ಹೆಚ್ಚಿಸಬಹುದು, ಅವು ಬೇಡವೇ ಬೇಡ. ಜ್ವರ ಬಂದವರನ್ನು ಹಗಲಿನಲ್ಲೂ ಸೊಳ್ಳೆಪರದೆಯೊಳಗೆ ಮಲಗಿಸಿ. ಈ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ರೋಗಿಯ ರಕ್ತ ಕುಡಿದ ಸೊಳ್ಳೆಯೊಳಗೆ ವೈರಸ್ ಬೆಳೆದು, ಕೆಲವು ದಿನಗಳಲ್ಲಿ ಅದು ಪಕ್ಕದ ಮನೆಯ ಮಗುವನ್ನು ಹುಡುಕಿಕೊಂಡು ಹೋಗುತ್ತದೆ.

ಡ್ರಮ್ಮಿನ ನೀರನ್ನು ವಾರಕ್ಕೊಮ್ಮೆ ಪೂರ್ತಿ ಚೆಲ್ಲಿ, ಒಳಗೆಲ್ಲ ನಾರಿನಿಂದ ಉಜ್ಜಬೇಕು. ಬರೀ ತೊಳೆದರೆ ಅಂಟಿದ ಮೊಟ್ಟೆ ಬಿಡುವುದಿಲ್ಲ. ಬಾಯಿಗೆ ಹಳೆಯ ಪಂಚೆ ಬಿಗಿದು ಕಟ್ಟಿದರೆ ಮುಚ್ಚಳಕ್ಕಿಂತ ವಾಸಿ, ಸಂದಿ ಉಳಿಯುವುದಿಲ್ಲ. ಇಷ್ಟೆಲ್ಲ ಈಗ ನನಗೆ ಗೊತ್ತು. ಆದರೂ ತಳದಲ್ಲಿ ಎರಡು ಬಿಂದಿಗೆ ನೀರು ಉಳಿದಾಗ ಚೆಲ್ಲಲು ಕೈ ಬರುವುದಿಲ್ಲ. ವರ್ಷಪೂರ್ತಿ ಹರಿಯುವ ಒಂದು ನದಿಯಿಲ್ಲದ ಜಿಲ್ಲೆ ನಮ್ಮದು. ಟ್ಯಾಂಕರ್‌ಗೆ ದುಡ್ಡು ಕೊಟ್ಟು ತುಂಬಿಸಿದ ನೀರನ್ನು ಬಚ್ಚಲಿಗೆ ಸುರಿಯಿರಿ ಎಂದರೆ ಯಾವ ಹೆಂಗಸು ಕೇಳುತ್ತಾಳೆ?

2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಬೆಳೆಯಲು ಬಿಟ್ಟ ನಗರದ ಮನೆಗಳಿಗೆ 400 ರೂಪಾಯಿ ದಂಡ ಎಂದಿತು. ನನ್ನ ಡ್ರಮ್ಮಿನ ಹುಳುವಿಗೆ ನಾನೇ ಹೊಣೆ, ಒಪ್ಪುತ್ತೇನೆ. ನಾನು ಕೇಳುವುದು ಇಷ್ಟೇ: ನೀರು ದಿನಾ ಬಿಡಲು ಆಗದಿದ್ದರೂ, ಯಾವ ಬೀದಿಗೆ ಯಾವತ್ತು ಎಂದು ಹಿಂದಿನ ದಿನವೇ ತಿಳಿಸಿ, ಆ ಮಾತಿಗೆ ತಪ್ಪದಿರಿ. ನಾಳೆ ಬೆಳಿಗ್ಗೆ ನಲ್ಲಿ ಬರುವುದು ಖಚಿತವೆಂದು ಗೊತ್ತಿದ್ದರೆ, ಇವತ್ತು ಸಂಜೆಯೇ ಆ ಎರಡು ಬಿಂದಿಗೆ ಚೆಲ್ಲಿ ಡ್ರಮ್ ಬೋರಲು ಹಾಕುತ್ತೇನೆ.